ಗಾಡಿ ಚಾಲೂ ಐತ್ರಿ, ಬೀಗತೇರ

ನಮ್ಮ ಬೀಗರು ಬಸಲಿಂಗಪ್ಪನವರ ಎಡಗೈ ಎಂದೂ ಸುಮ್ಮನೆ ಕೂಡುತ್ತಿರಲಿಲ್ಲ. ಟಿಕೆಟ್ ತಗೊಂಡು ಬಸ್ಸಿನಲ್ಲಿ ಕೂತಾಗಲೂ ಅದಕ್ಕೆ ಕೆಲಸ ಇರುತ್ತಿತ್ತು. ಮುಂದೆ ಡ್ರೈವರ್ ಗೇರ್ ಬದಲಿ ಮಾಡಿದರೆ ಇವರು ತಮ್ಮ ಸೀಟಿನಲ್ಲಿ ಕೂತು ಗಾಳಿಯಲ್ಲೇ ಬದಲಿ ಮಾಡುತ್ತಿದ್ದರು. ಎಡಗಾಲು ಇಲ್ಲದ ಕ್ಲಚ್ಚನ್ನು ಒತ್ತುತ್ತಿತ್ತು. ಡ್ರೈವರ್ ಸ್ವಲ್ಪ ತಡ ಮಾಡಿದನೋ, ಹಲ್ಲುಬ್ಯಾನಿ ಬಂದವರ ಹಾಗೆ ಮುಖ ಹಿಂಡಿ, "ಹಾಕೋ ತಮ್ಮಾ, ಹಾಕೋ, ಎಷ್ಟ ಒದರಸ್ತೀ ಅದನ್ನ" ಎಂದು ತಮ್ಮೊಳಗೇ ಗೊಣಗುತ್ತಿದ್ದರು. ಬಾಜೂಕ ಕೂತವರು ಈ ಮನುಷ್ಯನಿಗೆ ಏನೋ ಆಗಿದೆ ಎಂದು ಸರಿದು ಕೂಡುತ್ತಿದ್ದರು.

ನಾನು ಕಲಿತದ್ದು ಮೂರನೇ ಇಯತ್ತೆ. ಬರೆಯುವ ಹೆಣ್ಣುಮಗಳಲ್ಲ. ಆದರೆ ಈ ವಾರ ನನ್ನ ಹೊಟ್ಟೆಯೊಳಗಿನ ಸಂತೋಷ ಒಲೆ ಆರಿಸಿದರೂ ಉಕ್ಕುವ ಹಾಲಿನಂತೆ ಆಗಿದೆ. ನನ್ನ ಮೊಮ್ಮಗಳು ಭಾಗ್ಯಾ ದನದ ದವಾಖಾನಿಯ ಗಾಡಿಗೆ ಡ್ರೈವರ್ ಆಗಿದ್ದಾಳೆ. ಡಾಕ್ಟರನ್ನು ಕೂರಿಸಿಕೊಂಡು ಊರೂರು ತಿರುಗುತ್ತಾಳೆ. ಇದನ್ನು ಓಣಿಯವರಿಗೆಲ್ಲ ಹೇಳಿ ಆಯಿತು, ಹೂವಿನವಳಿಗೆ ಹೇಳಿ ಆಯಿತು, ಹೇಳಬೇಕಾದ ಒಬ್ಬರಿಗೆ ಹೇಳಲು ಮಾತ್ರ ಆಗಲಿಲ್ಲ. ಅದಕ್ಕೇ ಈ ಬರಹ.

ಬಸಲಿಂಗಪ್ಪನವರ ಊರು ದೊಡವಾಡ. ಅವರ ಮಗ ಮಹಾಂತೇಶನಿಗೆ ನಮ್ಮ ಮಗಳು ಶಾಂತಾನ್ನ ಕೊಟ್ಟದ್ದು. ಅವರ ಮಗಳು ಭಾಗ್ಯಾ ನಮ್ಮಿಬ್ಬರಿಗೂ ಮೊಮ್ಮಗಳು. ನಮ್ಮ ಕಡೆ ಬೀಗರೆಂದರೆ ಅರ್ಧ ಮರ್ಯಾದೆ, ಅರ್ಧ ಚೇಷ್ಟೆ. ಇವರ ಜೊತೆ ಚೇಷ್ಟೆ ಮಾಡಬೇಕೆಂದರೂ ಓಡುತ್ತ ಮಾಡಬೇಕಾಗಿತ್ತು. ವರ್ಷಗಟ್ಟಲೆ ಟ್ರ್ಯಾಕ್ಟರಿನಲ್ಲಿ ಕಬ್ಬು ಹೇರಿಕೊಂಡು ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಫ್ಯಾಕ್ಟರಿಗೆ ಹೊಡೆದ ಮನುಷ್ಯ, ಮನೆಗೆ ಬಂದರೂ ಕುಂಡಿ ಊರಿ ಕೂತವರಲ್ಲ. ಚಹಾ ಕೊಟ್ಟರೆ ಬಶಿಗೆ ಸುರುವಿಕೊಂಡು ಹೊಸ್ತಿಲ ಹತ್ತಿರ ನಿಂತೇ ಕುಡಿಯುವುದು. ಕೂಡ್ರಿ ಎಂದರೆ ಒಂದೇ ಮಾತು, "ಇಲ್ರಿ, ಗಾಡಿ ಚಾಲೂ ಬಿಟ್ಟ ಬಂದೇನಿ."

ಶಾಂತಾನ್ನ ನೋಡಲು ನಮ್ಮೂರು ಬೈಲಹೊಂಗಲಕ್ಕೆ ಬಂದ ದಿನವೂ ಟ್ರ್ಯಾಕ್ಟರ್ ಮೇಲೆಯೇ ಬಂದಿದ್ದರು. ನಮ್ಮ ಬಾಗಿಲ ಮುಂದೆ ಅದು ಗಡಗಡ ಎನ್ನುತ್ತಲೇ ನಿಂತಿತ್ತು. ನಮ್ಮ ಮನೆಯವರು, ಅದನ್ನಷ್ಟು ಬಂದ್ ಮಾಡಿ ಬರ್ರಿ ಎಂದರು. "ಇರಲಿ ಬಿಡ್ರಿ, ಬಂದ್ ಮಾಡಿದ್ರ ಮತ್ತ ಚಾಲೂ ಆಗತೈತೋ ಇಲ್ಲೋ" ಎಂದರು ಇವರು. ಮದುವೆಯ ಮಾತೆಲ್ಲ ಕೂಗಿ ಕೂಗಿಯೇ ಆಯಿತು. ಒಳಕೋಣೆಯಲ್ಲಿ ಪಿಸುಪಿಸು ಆಡಬೇಕಾದದ್ದು ಓಣಿಗೆಲ್ಲ ಕೇಳಿ, ನಾವು ಹೂಂ ಅನ್ನುವ ಮೊದಲೇ ಎದುರುಮನೆಯಾಕೆ ಸಕ್ಕರೆ ತಂದಳು.

ಮುಂದೆ ಭಾಗ್ಯಾ ಹುಟ್ಟಿ ಸಾಲಿಗೆ ಹೋಗುವ ಹೊತ್ತಿಗೆ ಅವರ ಮನೆಗೆ ಒಂದು ಸಣ್ಣ ಕಾರು ಬಂತು, ಯಾರೋ ಬಳಸಿ ಬಿಟ್ಟದ್ದು. ಮಹಾಂತೇಶ ಕಲಿಯಲು ಹೋಗಿ ಮೊದಲ ದಿನವೇ ಗಟಾರಕ್ಕೆ ಇಳಿಸಿ, ನನಗೆ ಮೋಟಾರ್ ಸೈಕಲ್ಲೇ ಸಾಕು ಎಂದು ಕೈ ಮುಗಿದ. ಬೀಗರು, ಟ್ರ್ಯಾಕ್ಟರ್ ಹೊಡೆದವನಿಗೆ ಇದೇನು ದೊಡ್ಡ ಮಾತು ಎಂದು ಮನೆಮಂದಿಯನ್ನು ಕೂರಿಸಿಕೊಂಡು ನಮ್ಮೂರಿಗೆ ಹೊರಟರು.

ಟ್ರ್ಯಾಕ್ಟರಿನವರ ರೂಢಿಯೇ ಬೇರೆ. ಹೊಲಕ್ಕೆ ಇಳಿಯುವ ಮೊದಲು ಬೇಕಾದ ಗೇರ್ ಹಾಕಿಕೊಂಡರೆ ಸಾಲು ಮುಗಿಯುವ ತನಕ ಅದೇ. ನಡುವೆ ಮುಟ್ಟುವಂತಿಲ್ಲ. ಇವರು ಕಾರಿನಲ್ಲೂ ಹಾಗೇ, ಊರು ಬಿಡುವಾಗ ಎರಡನೇ ಗೇರ್ ಹಾಕಿದವರು ಬೈಲಹೊಂಗಲದ ತನಕ ಎರಡರಲ್ಲೇ ಬಂದರು. ಆ ಸದ್ದು ಕೇಳಿ ಓಣಿಯೇ ಹೊರಗೆ ಬಂತು. ನನ್ನ ಮಗಳು ಎರಡೂ ಕಿವಿ ಮುಚ್ಚಿಕೊಂಡು ಇಳಿದಳು, ಬಾನೆಟ್ಟಿನಿಂದ ಹಬೆ ಏಳುತ್ತಿತ್ತು. ಹಿಟ್ಟಿನ ಗಿರಣಿ ಮನೀಮುಂದ ಬಂತು ಅಂತ ಜ್ವಾಳಾ ತಗೊಂಡ ಬಂದೇನ್ರಿ ಬೀಗರ ಎಂದು ನಾನು ಅಂದೆ. ಬೀಗರು ಹಣೆ ಒರೆಸಿಕೊಳ್ಳುತ್ತ, ಸಾಲು ಹಿಡಿದ ಮೇಲೆ ಗೇರ್ ಮುಟ್ಟಬಾರದು ಎಂದು ಸಮಾಧಾನ ಹೇಳಿದರು. ಅಂದಿನಿಂದ ಆ ಕಾರಿಗೆ ನಮ್ಮ ಎರಡೂ ಮನೆಯಲ್ಲಿ ಗಿರಣಿ ಎಂದೇ ಹೆಸರು.

ಆ ಮಾತು ಅವರಿಗೆ ನಾಟಿತು. ಮರುದಿನ ಏನು ಮಾಡಿದರು ಗೊತ್ತೇ? ನಮ್ಮ ಬಸ್ ಸ್ಟ್ಯಾಂಡಿಗೆ ಹೋಗಿ, ಮುನವಳ್ಳಿ ಮೇಲೆ ಸವದತ್ತಿಗೆ ಹೋಗುವ ಬಸ್ಸಿನಲ್ಲಿ ಡ್ರೈವರ್ ಹತ್ತಿರದ ಸೀಟು ಹಿಡಿದು ಕೂತರು. ಸವದತ್ತಿ ಬಂದರೂ ಇಳಿಯಲಿಲ್ಲ. ಕಂಡಕ್ಟರ್ ಕೇಳಿದ್ದಕ್ಕೆ, ಇಳಿಯಾಕ ಬಂದಿಲ್ಲ, ಗೇರಿನ ಸದ್ದ ಕೇಳಾಕ ಬಂದೇನಿ ಅಂದರಂತೆ. ಮತ್ತೆ ಟಿಕೆಟ್ ತಗೊಂಡು ಅದೇ ಬಸ್ಸಿನಲ್ಲಿ ತಿರುಗಿ ಬಂದರು. ಡ್ರೈವರ್ ಇವರನ್ನು ಆಫೀಸಿನಿಂದ ಬಂದ ಸಾಹೇಬರು ಅಂದುಕೊಂಡು ಆ ದಿನ ಬಹಳ ಹುಷಾರಾಗಿ ಹೊಡೆದನಂತೆ. ಇವರಿಗೆ ಅದೇ ಬೇಕಾಗಿತ್ತು. ಆಗ ಹಿಡಿದ ಗಾಳಿಗೇರಿನ ಚಟ ಮುಂದೆ ಬಿಡಲೇ ಇಲ್ಲ.

ಕಲಿತ ಮೇಲೆ ಅವರ ಬಾಯಲ್ಲಿ ಬೇರೆ ಮಾತೇ ಇಲ್ಲ. ನಾನು ರೊಟ್ಟಿ ಬಡಿಯುತ್ತಿದ್ದರೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ನನಗೇ ಪಾಠ. "ಉಣ್ಣಾವರಿಗೆ ರೊಟ್ಟಿ ನೀಡಿದಂಗ ನೋಡ್ರಿ ಇದು. ತಾಟಿನ್ಯಾಗ ಇನ್ನೂ ಅರ್ಧಾ ಇದ್ದಾಗ ನೀಡಿದ್ರ ಒಲ್ಲೆ ಅಂತಾರ. ಉಂಡು ಕೈ ಖಾಲಿ ಮಾಡಿ ಕುಂತ ಮ್ಯಾಲೆ ನೀಡಿದ್ರ ಸಿಟ್ಟಿಗೇಳತಾರ. ಕಡೀ ತುತ್ತ ಬಾಯಿಗೆ ಹೊಂಟಾಗ ನೀಡಬೇಕು. ಗಾಡಿ ಒದರಿದ್ರ ಗೇರ್ ಏರಸೂದು, ನಡುಗಿದ್ರ ಇಳಸೂದು. ಇಷ್ಟ." ಒಂದು ದಿನವಾದರೂ ಯಾರಿಗಾದರೂ ರೊಟ್ಟಿ ನೀಡಿದ ಕೈಯೇ ನಿಮ್ಮದು ಎಂದು ನಾನು ಕೇಳಿದರೆ, ನಗುತ್ತ ಬುಟ್ಟಿಯೊಳಗಿನ ರೊಟ್ಟಿ ಸುತ್ತಿಕೊಂಡು ತಿನ್ನುತ್ತಲೇ ಹೊರಗೆ ನಡೆದಿರುತ್ತಿದ್ದರು.

ಅಂಥವರಿಗೆ ಲಕ್ವಾ ಹೊಡೆಯಿತು. ಬೆಳಿಗ್ಗೆ ಮುಖ ತೊಳೆಯುತ್ತಿದ್ದವರು ಹಾಗೇ ಕುಸಿದರಂತೆ. ಧಾರವಾಡದ ದವಾಖಾನಿಯಿಂದ ಬಂದಾಗ ಮಾತು ಉಳಿದಿತ್ತು, ಬಲಭಾಗ ಉಳಿದಿತ್ತು, ಎಡಭಾಗ ಹೋಗಿತ್ತು. ನಾನು ನೋಡಲು ಹೋದಾಗ ಆ ಎಡಗೈ ತೊಡೆಯ ಮೇಲೆ ಬಿದ್ದಿತ್ತು, ಬಂದ ನೆಂಟರು ಮರೆತು ಬಿಟ್ಟು ಹೋದ ಸಾಮಾನಿನಂತೆ. ಮೈ ನಿಂತಿತ್ತು, ಮನುಷ್ಯ ನಿಂತಿರಲಿಲ್ಲ. ಮಲಗುವ ಹೊರಸನ್ನು ಪಡಸಾಲೆಗೆ ಹಾಕು ಎನ್ನುವರು, ಹಾಕಿದರೆ ಬೇವಿನ ಗಿಡದ ಕೆಳಗೆ ಬೇಕು, ಅಲ್ಲಿಂದ ದನದ ಕೊಟ್ಟಿಗೆ ಕಡೆ. ಹೊರಸು ಹೊತ್ತು ಹೊತ್ತು ಮಹಾಂತೇಶನ ಹೆಗಲು ಬಾತಿತ್ತು. ರಸ್ತೆಯಲ್ಲಿ ಯಾವ ಗಾಡಿ ಹೋದರೂ ಕಿವಿ ಅತ್ತ.

ಮನೆಯ ಮುಂದೆ ಗಿರಣಿ ಧೂಳು ತಿನ್ನುತ್ತ ನಿಂತಿತ್ತು. ಹೊಡೆಯುವವರಿಲ್ಲ. ಸುಮ್ಮನೆ ನಿಂತು ಕೆಟ್ಟುಹೋಗುವುದಕ್ಕಿಂತ ಮಾರುವುದು ಒಳ್ಳೆಯದು ಎಂದು ಮಹಾಂತೇಶ ಮುನವಳ್ಳಿಯ ಒಬ್ಬರನ್ನು ಕರೆತಂದು ತೋರಿಸಿದ. ಅವನದೂ ತಪ್ಪಲ್ಲ. ಬಂದವರು ಬಾಗಿಲು ತೆಗೆದು ಮುಚ್ಚಿ ನೋಡುವುದನ್ನು ಬೀಗರು ಹೊರಸಿನ ಮೇಲಿಂದ ನೋಡಿದರು. ಅವರು ಹೋದ ಮೇಲೆ ಮಗನನ್ನು ಕರೆದು ಅಂದರು.

"ಮಾಂತ್ಯಾ, ದೇವರು ಒಂದ ಕಾಲ ತಗೊಂಡಾನ. ಇನ್ನೊಂದ ನೀ ಮಾರಬ್ಯಾಡಪಾ."

ಅಲ್ಲೇ ಕಸ ಹೊಡೆಯುತ್ತಿದ್ದ ಭಾಗ್ಯಾ ಕಸಬರಿಗೆ ಕೆಳಗಿಟ್ಟು, ನಾ ಹೊಡೀತೇನಿ, ಅಜ್ಜ ಕಲಸಲಿ ಎಂದಳು. ಕಾಲೇಜು ಮುಗಿಸಿ ಮನೆಯಲ್ಲಿದ್ದ ಹುಡುಗಿ. ಅವರಪ್ಪ ನಕ್ಕ. ಕಲಿಸುವವನಿಗೆ ಎಡಗೈ ಇಲ್ಲ, ಕಲಿಯುವವಳಿಗೆ ಗೊತ್ತಿಲ್ಲ ಎಂದ.

ಆದರೆ ಕಾರಿನಲ್ಲಿ ಗೇರಿನ ಕೋಲು ಇಬ್ಬರ ನಡುವೆ ಇರುತ್ತದಲ್ಲ. ಎಡಗಡೆ ಸೀಟಿನಲ್ಲಿ ಕೂತವರಿಗೆ ಅದು ಬಲಗೈಗೆ ಸಿಗುತ್ತದೆ. ಜೋಳ ಕೊಯ್ದು ಖಾಲಿ ಬಿದ್ದ ಹೊಲದಲ್ಲಿ ಅಜ್ಜ ಮೊಮ್ಮಗಳು ಇಬ್ಬರೂ ಕೂಡಿ ಒಬ್ಬ ಡ್ರೈವರ್ ಆದರು. ಕ್ಲಚ್ಚು ಅವಳದು, ಸ್ಟೇರಿಂಗ್ ಅವಳದು, ಗೇರ್ ಇವರದು. "ಈಗೇನ ಅನ್ನಾಕ ಹತ್ತೇತಿ? ಕಣ್ಣ ಮುಂದ ಇರಲಿ, ಕಿವಿ ಕೆಳಗ ಇರಲಿ" ಎನ್ನುವರು. ಅವಳು ಒದರಾಕ ಹತ್ತೇತಿ ಎಂದು ಕ್ಲಚ್ಚು ಒತ್ತಿದರೆ ಇವರು ಹಾಕುವರು. ತಪ್ಪಿ ಬೇಗ ಒತ್ತಿದರೆ ಗೇರ್ ಹಾಕದೆ ಸುಮ್ಮನೆ ಕೂಡುವರು, ಗಾಡಿ ತೂಕಡಿಸಿ ನಿಲ್ಲುವುದು. ಬೈಗುಳ ಇಲ್ಲ, ಮತ್ತೆ ಮೊದಲಿಂದ. ಹೀಗೇ ದಿನ ಹೋದ ಹಾಗೆ ಅವರ ಕೈ ಕೋಲಿನ ಮೇಲಿಂದ ಅವಳ ಕೈಯ ಮೇಲೆ ಬಂತು, ಅವಳ ಕೈಯಿಂದ ತಮ್ಮ ಮೊಣಕಾಲಿಗೆ ಬಂತು.

ಭಾಗ್ಯಾನ ಕೈಗೆ ಲೈಸನ್ಸ್ ಬಂತು. ಅವರಪ್ಪನಿಗೆ ಮಾತ್ರ ನಂಬಿಕೆ ಬರಲಿಲ್ಲ. ಮುನವಳ್ಳಿಯವರು ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಕಡೆಗೆ ಒಂದು ಮಾತಾಯಿತು. ಸವದತ್ತಿಯ ಎಲ್ಲಮ್ಮನ ಗುಡ್ಡವನ್ನು ಭಾಗ್ಯಾ ಹತ್ತಿಸಬೇಕು. ತುದಿ ಮುಟ್ಟುವ ತನಕ ಎಂಜಿನ್ ಒಂದು ಸಲವೂ ಆರಬಾರದು, ಅಜ್ಜ ಗೇರ್ ಮುಟ್ಟಬಾರದು. ಆರಿತೋ, ಇಳಿದು ಬಂದು ಗಾಡಿ ಕೊಟ್ಟುಬಿಡುವುದು.

ನನ್ನನ್ನೂ ಕರೆದುಕೊಂಡರು. ಹಿಂದಿನ ಸೀಟಿನಲ್ಲಿ ನಾನು, ಅಳಿಯ. ಮುಂದೆ ಇವರಿಬ್ಬರು. ಗುಡ್ಡದ ಬುಡಕ್ಕೆ ಬಂದಾಗ ಬೀಗರು ತಮ್ಮ ಬಲಗೈಯನ್ನು ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂತರು. ಅದು ತಾನಾಗಿ ಹೋಗಬಾರದಲ್ಲ. ಅರ್ಧ ದಾರಿ ಚಲೋ ಹೋಯಿತು. ಒಂದು ಕಡಿದಾದ ತಿರುವಿನಲ್ಲಿ ಮುಂದಿದ್ದ ಬಸ್ಸು ಗಕ್ಕನೆ ನಿಂತಿತು. ನಾವೂ ನಿಂತೆವು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಬಸ್ಸು ಹೊರಟಿತು. ಭಾಗ್ಯಾ ಮೊದಲನೇ ಗೇರಿನಲ್ಲಿ ಎತ್ತಿದಳು, ಗಾಡಿ ಹಿಂದೆ ಸರಿಯದೆ ಏರಿತು. ಆದರೆ ಎಂಜಿನ್ ಸದ್ದು ಏರುತ್ತಲೇ ಹೋಯಿತು. ಥೇಟ್ ಆ ದಿನದ ಗಿರಣಿ.

"ಎರಡನೇದು ಹಾಕ, ಒದರಾಕ ಹತ್ತೇತಿ" ಎಂದು ಮಹಾಂತೇಶ ಸೀಟಿನ ತುದಿಗೆ ಬಂದ. ಅಜ್ಜನ ಪಾಠವೂ ಅದೇ ಅಲ್ಲವೇ, ಒದರಿದರೆ ಏರಿಸು ಎಂದು. ನಾನೂ ಒಳಗೊಳಗೇ ಹಾಕವ್ವಾ ಹಾಕು ಎನ್ನುತ್ತಿದ್ದೆ. ಭಾಗ್ಯಾ ಹಾಕಲಿಲ್ಲ. ಬೀಗರು ಕಣ್ಣು ಮುಚ್ಚಿ ಕೂತಿದ್ದರು.

"ಇದು ಒದರೂದಲ್ಲಪಾ, ಜಗ್ಗಾಕ ಹತ್ತೇತಿ" ಎಂದಳು ಹುಡುಗಿ, ರಸ್ತೆಯಿಂದ ಕಣ್ಣು ತೆಗೆಯದೆ. "ಈಗ ಗೇರ್ ಬಿಡಿಸಿದ್ರ ಆರಿ ಕುಂದರತೈತಿ."

ತಿರುವು ದಾಟಿ ದಾರಿ ಸ್ವಲ್ಪ ಸಮ ಆಯಿತು. ಸದ್ದಿನಲ್ಲಿ ಏನೋ ಹಗುರಾದದ್ದು ನನಗೂ ಕೇಳಿಸಿತು. ಕೇಳಿಸುವಷ್ಟರಲ್ಲಿ ಎರಡನೇ ಗೇರ್ ಬಿದ್ದು ಆಗಿತ್ತು, ಬಿದ್ದದ್ದೇ ಗೊತ್ತಾಗಲಿಲ್ಲ. ಅದೇ ಕ್ಷಣ ಬೀಗರ ತೊಡೆಯ ಮೇಲೆ ಸತ್ತು ಮಲಗಿದ್ದ ಎಡಗೈಯ ಬೆರಳು ಗೇರ್ ಎಳೆದಂತೆ ಹಿಂದಕ್ಕೆ ಮಡಚಿಕೊಂಡವು. ಅಳಿಯ ಈಗಲೂ ಒಪ್ಪುವುದಿಲ್ಲ, ಗಾಡಿಯ ಕುಲುಕಾಟಕ್ಕೆ ಹಾಗೆ ಕಂಡಿರಬೇಕು ಎನ್ನುತ್ತಾನೆ. ಕುಲುಕಾಟ ಎಲ್ಲಿತ್ತು? ನಾನು ನೋಡಿದ್ದೇನೆ.

ಗುಡ್ಡದ ಮೇಲೆ ಇಳಿದು ಕಾಯಿ ಒಡೆಸುವ ಮೊದಲೇ ಮಹಾಂತೇಶ ಮುನವಳ್ಳಿಗೆ ಫೋನ್ ಹಚ್ಚಿದ. "ಗಾಡಿ ಕೊಡೂದಿಲ್ರಿ. ಮನ್ಯಾಗ ಡ್ರೈವರ್ ಅದಾಳ" ಎಂದ. ಬೀಗರು ಕಾರಿನಿಂದ ಇಳಿಯಲೇ ಇಲ್ಲ. ಕೂತಲ್ಲೇ ಅಮ್ಮನಿಗೆ ಬಲಗೈ ಎತ್ತಿ ನಮಸ್ಕಾರ ಮಾಡಿ, ನಡೀರಿ ಮತ್ತ, ರಾಮದುರ್ಗದಾಗ ನಮ್ಮ ತಂಗೀ ಮನಿ ಐತಿ ಎಂದರು.

ಆಮೇಲೆ ಅವರನ್ನು ಹೊರಸಿನ ಮೇಲೆ ಕಂಡವರು ಕಡಿಮೆ. ಕಿತ್ತೂರು, ರಾಮದುರ್ಗ, ಕಬ್ಬಿನ ಸುಗ್ಗಿಯಲ್ಲಿ ಫ್ಯಾಕ್ಟರಿಯ ಮುಂದಿನ ಟ್ರ್ಯಾಕ್ಟರುಗಳ ಸಾಲು ನೋಡಲು ಎಂ.ಕೆ. ಹುಬ್ಬಳ್ಳಿ. ಕೆಲಸ ಏನೂ ಇಲ್ಲ, ಹೋಗುವುದು, ಬರುವುದು. ಕಡೆಯ ಸಲ ನಮ್ಮ ಬಾಗಿಲಿಗೆ ಬಂದದ್ದು ಒಂದು ಸಂಜೆ. ಮುಖ ಇಳಿದಿತ್ತು. ಒಳಗ ಬರ್ರಿ, ಇಬ್ಬರು ಹಿಡಕೊಂಡು ಕರಕೊಂಡ ಹೋಗತೇವಿ ಎಂದೆ. ತಲೆ ಅಲ್ಲಾಡಿಸಿದರು. ನಾನು ಕಾರಿನ ಕಿಡಕಿಯಲ್ಲೇ ಚಹಾದ ಬಶಿ ಹಿಡಿದೆ, ಎರಡು ಗುಟುಕು ಕುಡಿದರು.

"ಗಾಡಿ ಚಾಲೂ ಐತ್ರಿ, ಬೀಗತೇರ" ಎಂದರು. ಆ ವಾರವೇ ಹೋದರು.

ಮೊನ್ನೆ ಭಾಗ್ಯಾ ಆ ದವಾಖಾನಿ ಗಾಡಿ ತಂದು ನಮ್ಮ ಮನೆ ಮುಂದೆ ನಿಲ್ಲಿಸಿದಳು. ಮಗುವಿನ ಹಾಗೆ ನಾನು ಅದರ ಸುತ್ತ ತಿರುಗಿದೆ, ಬಾಗಿಲಿಗೆ ಕುಂಕುಮ ಹಚ್ಚಿದೆ. ಒಳಗೆ ಬಾ, ಕೂತು ಚಹಾ ಕುಡಿ, ಹೋಳಿಗೆ ಮಾಡಿದ್ದೇನೆ ಎಂದು ಬಶಿಗೆ ಸುರುವಿ ತಂದೆ. ಹುಡುಗಿ ಹೊಸ್ತಿಲಲ್ಲೇ ನಿಂತಿದ್ದಳು, ಒಂದು ಕಾಲು ಹೊರಗೆ.

"ಬ್ಯಾಡ ಆಯಿ, ದೊಡವಾಡದಾಗ ಎಮ್ಮಿ ಒಂದು ಈಯಾಕ ತ್ರಾಸ ಮಾಡಾಕ ಹತ್ತೇತಿ. ಗಾಡಿ ಚಾಲೂ ಬಿಟ್ಟ ಬಂದೇನಿ."

ಹೋಳಿಗೆ ಒಂದನ್ನು ಸುತ್ತಿ ಕೈಗೆ ಕೊಟ್ಟೆ, ತಿನ್ನುತ್ತಲೇ ಹೋದಳು. ನಾನು ಬಶಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತೆ. ಮೊದಲನೇದು ಕೇಳಿಸಿತು. ಹನುಮಪ್ಪನ ಗುಡಿಯ ಹತ್ತಿರ ಎರಡನೇದು. ಓಣಿಯ ತುದಿಯಲ್ಲಿ ಒಂದು ತಿರುವು ಇದೆ, ಅದನ್ನು ದಾಟಿದ ಮೇಲೆ ದಾರಿ ಬಿಚ್ಚಿಕೊಳ್ಳುತ್ತದೆ. ಗಾಡಿ ಕಣ್ಣಿಗೆ ಮರೆಯಾಗಿತ್ತು, ಸದ್ದು ಮಾತ್ರ ಏರುತ್ತಿತ್ತು. ಈಗ, ಅಂದುಕೊಂಡೆ. ಅಂದುಕೊಳ್ಳುವಷ್ಟರಲ್ಲಿ ಬಶಿ ಹಿಡಿದ ನನ್ನ ಎಡಗೈ ತಾನಾಗಿ ಮುಂದೆ ಹೋಗಿತ್ತು. ಬಶಿಯೊಳಗಿನ ಚಹಾ ಎಲ್ಲ ಸೀರೆಯ ಮೇಲೆ ಚೆಲ್ಲಿತು.

ಅತ್ತ ಮೂರನೇದು ಬಿತ್ತು. ತಡ ಆಗಿರಲಿಲ್ಲ.