ಹನ್ನೊಂದನೇ ಜಾಯಿಂಟಿಗೆ ಬ್ರೇಕ್

ನಾ ಗಾಡಿ ಹೊಡೀಲಿಕ್ಕೆ ಕಲಿತದ್ದು ಶೋಕಿಗಲ್ಲ. ಗಂಡ ಎದಿ ಬ್ಯಾನಿ ಹಿಡಿದು ಮಲಗಿದ. ಸೇಡಂದಿಂದ ಆದಿತ್ಯನಗರದ ಸಿಮೆಂಟ್ ಕಾರ್ಖಾನಿ ಕ್ವಾರ್ಟರ್ಸಿಗೆ ದಿನಾ ರೊಟ್ಟಿ ಒಯ್ಯೋ ಕೆಲಸ ಅವಂದು. ಬಡಿಯೋದು ನಂದು. ಅವ ಮಲಗಿದ ಮ್ಯಾಲ ರೊಟ್ಟಿ ಬುಟ್ಟಿಯಾಗೇ ಸೆಟದು ಕುಂದ್ರಲಿಕತ್ತವು. ನಾಲ್ಕು ದಿನ ನೋಡಿದೆ, ಐದನೇ ದಿನ ಗಾಡಿ ತಗದೆ. ಗಂಡ ಸತ್ತ, ಗಾಡಿ ಉಳೀತು. ನಾಲ್ಕು ಗೇರಿನ ಹಳೇ ಮೋಟರ್ ಸೈಕಲ್ಲು. ಹಿಂದ ಎರಡು ಕಡೆ ಬುಟ್ಟಿ ಕಟ್ಟೋ ಕಬ್ಬಿಣ. ನಮ್ಮ ಕಚ್ಚಿ ಸೀರಿ ಈ ಕೆಲಸಕ್ಕ ಹೇಳಿ ಮಾಡಿಸಿದಂಗ ಇತ್ತು. ಮಂದಿ ನಕ್ಕರು. ಆಮ್ಯಾಲ ನಗೋದು ಬಿಟ್ಟರು. ನಗೋದೂ ಎಷ್ಟು ದಿನ ನಡೀತದ?

ಇಪ್ಪತ್ತು ವರ್ಷದ ಮ್ಯಾಲ ಹೊಡದೆ. ಎರಡು ವರ್ಷದ ಹಿಂದ ಮಳಖೇಡ ರಸ್ತಾದಾಗ ಹಾಡೇ ಹಗಲು ಬಿದ್ದೆ. ರೊಟ್ಟಿ ಎಲ್ಲಾ ರಸ್ತಾ ತುಂಬ. ಮೊಣಕೈ ಕಿತ್ತಿತ್ತು, ಗಾಡಿ ಮುಂದಿನ ಗಾಲಿ ಸೊಟ್ಟ ಆಗಿತ್ತು. ಮನಿಗೆ ಬಂದು ನಾಯಿ ಅಡ್ಡ ಬಂತು ಅಂದೆ.

ಮಗ ಲಾರಿ ಮ್ಯಾಲ ಇರ್ತಾನ, ಮನಿಯಾಗ ನಾ ಮತ್ತ ಸೊಸಿ. ಸೊಸಿ ಚಿಂಚೋಳಿ ಕಡೆಯಾಕಿ, ನಾಲಿಗಿ ಅಂದ್ರ ಕುಡಗೋಲು.

"ಅತ್ತಿ, ಇವತ್ತ ನಾಯಿ. ನಾಳಿ ಲಾರಿ. ನಾಡದ ನಾಲ್ಕು ಮಂದಿ ಹೊತ್ಕೊಂಡು ಹೋಗ್ತಾರ."

"ನಾಲ್ಕು ಮಂದಿ ಎಲ್ಲಿಂದ ತರ್ತಿ? ಈ ಓಣ್ಯಾಗ ನನ್ನ ಹೊರಲಿಕ್ಕ ಇಬ್ಬರೂ ಬರಂಗಿಲ್ಲ."

"ನಗಸಬ್ಯಾಡ್ರಿ. ಗಾಡಿ ಮಾರ್ರಿ. ಸುಮ್ನ ಒಲಿ ಮುಂದ ಕುಂದ್ರಿ, ನಾ ಬಡೀತೀನಿ, ನೀವು ಬೇಯಿಸ್ರಿ."

ಒಲಿ ಮುಂದ ಕುಂದ್ರೋದು ನನಗ ಗೊತ್ತದ. ಒಮ್ಮೆ ಕುಂತ ಮುದುಕಿ ಮತ್ತ ಏಳಂಗಿಲ್ಲ. ಮೊದಲು ಅಂಗಳ ಬಿಡ್ತಾಳ, ಆಮ್ಯಾಲ ಪಡಸಾಲಿ ಬಿಡ್ತಾಳ, ಕಡೀಕ ಹಾಸಿಗಿ. ನಮ್ಮ ಅತ್ತಿ ಹಂಗೇ ಹೋದ್ಲು. ಅದಕ್ಕ ನಾ ಸೊಸಿಗೆ ಒಂದು ಮಾತು ಕೊಟ್ಟೆ. ಶಹಾಬಾದದ ಉಸ್ತಾದ ನೋಡಿ ಹೇಳಲಿ. ಅವ ಆಗಂಗಿಲ್ಲ ಅಂದ್ರ ಅವತ್ತೇ ಗಾಡಿ ಬಿಡ್ತೀನಿ. ಆಗ್ತದ ಅಂದ್ರ ನೀ ಬಾಯಿ ಮುಚ್ಚಬೇಕು.

ಉಸ್ತಾದ ಅಂದ್ರ ನಮ್ಮ ಗಾಡಿ ಮಿಸ್ತ್ರಿ. ಗಂಡ ಇದ್ದಾಗಿಂದ ಅವನ ಕೈಯಾಗೇ ಗಾಡಿ. ವಯಸ್ಸಿನಾಗ ರೇಸ್ ಹೊಡದವ, ಈಗ ಒಂದು ಕಾಲು ಎಳೀತಾನ. ನನಗ ಖಾಲಾ, ಅಂದ್ರ ಚಿಗವ್ವ, ಅಂತಾನ. ಸೊಟ್ಟ ಗಾಲಿ ರಿಪೇರಿಗೆ ಗಾಡಿ ಅವನ ಹತ್ರಾನೇ ಹೋಗಿತ್ತು. ಫೋನಿನಾಗ ವಿಷಯ ಹೇಳಿದೆ. ಅವ ನಕ್ಕ.

"ಬರೋ ಐತವಾರ ನಮ್ಮದು ಟ್ರ್ಯಾಕ್ ಡೇ ಅದ ಖಾಲಾ. ಕಲಬುರಗಿ, ಹೈದರಾಬಾದ್ ಹುಡುಗರು ಬರ್ತಾರ. ಮಧ್ಯಾಹ್ನಕ್ಕ ರೊಟ್ಟಿ ನಿಮ್ಮದೇ. ನಿಮ್ಮ ಗಾಡಿ ನಾ ತರ್ತೀನಿ. ಅವರ ಸಂಗಾಟ ನೀವೂ ಹೊಡೀರಿ, ಒಂದು ದಿನ ಪೂರಾ ನೋಡಿ ಹೇಳ್ತೀನಿ."

ಟ್ರ್ಯಾಕ್ ಡೇ ಅಂದ್ರ ಏನು ಅಂತ ಕೇಳಿದೆ. ರೇಸ್ ಅಲ್ಲ ಅಂದ. ಲಾರಿ ಇಲ್ಲ, ಎಮ್ಮಿ ಇಲ್ಲ, ಮುಚ್ಚಿದ ಜಾಗಾದಾಗ ಗಾಡಿ ಹೊಡದು ತಪ್ಪು ತಿದ್ದಿಕೊಳ್ಳೋದು. ಲಾರಿ ಎಮ್ಮಿ ಇಲ್ಲದ ರಸ್ತಾ ನಾ ಜನ್ಮದಾಗ ನೋಡಿಲ್ಲ. ನೋಡೋಣ ಅಂದೆ.

ಐತವಾರ ಹೊತ್ತು ಮೂಡೋ ಮೊದಲೇ ಸೊಸಿ ನಾನು ರೊಟ್ಟಿ ಗಂಟು ಹೊತ್ತು ಸೇಡಂದಾಗ ರೈಲು ಹತ್ತಿ ವಾಡಿಯಾಗ ಇಳದ್ವಿ. ಅಲ್ಲಿಂದ ಆಟೋ. ಎಂದೋ ಬಂದಾದ ಒಂದು ಕಾರ್ಖಾನಿಯ ಲಾರಿ ನಿಂದ್ರೋ ಬಯಲು ಅದು. ಸುತ್ತ ತೊಗರಿ ಹೊಲ, ತೊಗರಿ ಕೊಯ್ದು ಬರೇ ಕೂಳೆ ಉಳದಿತ್ತು. ಬಯಲಿಗೆ ಕಾಂಕ್ರೀಟ್ ತುಂಡು ತುಂಡು ಹಾಕಿ ನಡುವ ಡಾಂಬರು ತುಂಬಿದ್ರು. ಅದರ ಮ್ಯಾಲ ಸುಣ್ಣದ ಗೆರಿ ಹೊಡದು, ಹಳೇ ಟಾಯರ್ ಇಟ್ಟು ತಿರುವು ಮಾಡಿದ್ರು. ಎರಡು ಉದ್ದ ರಸ್ತಾ, ನಾಲ್ಕು ತಿರುವು.

ಹುಡುಗರು ತೊಗಲಿನ ಅಂಗಿ ಪ್ಯಾಂಟ್ ಹಾಕ್ಕೊಂಡು ನಿಂತಿದ್ರು. ಕತ್ತಿ ಮೀನಿನಂಥ ಗಾಡಿ. ನನ್ನ ಬುಟ್ಟಿ ಕಬ್ಬಿಣದ ಗಾಡಿ ನೋಡಿ ಒಬ್ಬ ಫೋಟೋ ಹೊಡಕೊಂಡ. ಉಸ್ತಾದ ನನಗ ಹೆಲ್ಮೆಟ್ ತಂದ, ತುರುಬು ಒಳಗ ಹೋಗಲಿಲ್ಲ. ಬಿಚ್ಚಿ ಜಡಿ ಹಾಕ್ಕೊಂಡೆ. ಮೊಣಕಾಲಿಗೆ ಪ್ಲಾಸ್ಟಿಕ್ ಚಿಪ್ಪು ಕಟ್ಟಿದ್ರು. ಸೊಸಿ ಬೇವಿನ ಗಿಡದ ಕೆಳಗ ರೊಟ್ಟಿ ಕಾಯಲಿಕತ್ತಿದ್ಲು. ಅಲ್ಲಿಂದಾನೇ ಕೂಗಿದ್ಲು.

"ಅತ್ತಿ, ಈಗ ಯುದ್ಧಕ್ಕ ಹೊಂಟವರಂಗ ಕಾಣ್ತೀರಿ!"

"ಬಂದ ಮ್ಯಾಲ ಮೊದಲು ನಿನ್ನನ್ನೇ ನೋಡ್ಕೋತೀನಿ."

ಹುಡುಗರು ನಕ್ಕರು. ಅವರು ಕೆಟ್ಟವರಲ್ಲ, ಖರೆ ಹೇಳ್ಬೇಕಂದ್ರ.

ಉಸ್ತಾದ ಎಲ್ಲರನ್ನೂ ಸುತ್ತ ಕುಂದ್ರಿಸಿ ಪಾಠ ಹೇಳಿದ. ಹ್ಯಾಂಡಲ್ ಹಿಸುಕಬ್ಯಾಡ್ರಿ ಅಂದ. ಅದು ನನಗ ಗೊತ್ತಿತ್ತು, ಹಿಟ್ಟು ಹಿಸುಕಿದ್ರ ರೊಟ್ಟಿ ಹರೀತದ, ಗಾಡೀನೂ ಹಂಗೇ. ತಿರುವಿನೊಳಗ ಹೋಗಿ ಬ್ರೇಕ್ ಹಿಡೀಬ್ಯಾಡ್ರಿ, ಮೊದಲೇ ಹಿಡದು ಮುಗಸ್ರಿ. ಇದು ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ನಾ ತಿರುವಿನೊಳಗೇ ಹಿಡದೀನಿ, ಯಾಕ ಬೀಳಲಿಲ್ಲೋ ದೇವರಿಗೇ ಗೊತ್ತು. ಆಮ್ಯಾಲ ಕೆಂಪು ಬಟ್ಟಿ ತೋರಿಸಿದ. ನಾ ಇದನ್ನ ಎತ್ತಿದೆ ಅಂದ್ರ ಮುಂದ ಯಾರೋ ಬಿದ್ದಾರ ಅಂತ ತಿಳೀರಿ, ಇದ್ದಲ್ಲೇ ನಿಧಾನ ಮಾಡಿ ನಿಂದ್ರಿ. ಕಡೀಕ ಒಂದು ಮಾತು ಹೇಳಿದ.

"ನಜರ ಗಾಲಿ ಮುಂದ ಇಡಬ್ಯಾಡ್ರಿ. ದೂರ ಇಡ್ರಿ. ಎಲ್ಲಿ ನೋಡ್ತೀರೋ ಗಾಡಿ ಅಲ್ಲಿಗೇ ಹೋಗ್ತದ."

ನಾ ಗಾಲಿ ಮುಂದಿನ ನೆಲಾನೇ ನೋಡಿ ಹೊಡದಾಕಿ. ನಮ್ಮ ರಸ್ತಾದಾಗ ಕಡಿ, ತೆಗ್ಗು, ಲಾರಿಯಿಂದ ಬಿದ್ದ, ನೆಲಕ್ಕ ಹಾಸೋ ಫರ್ಸಿ ಕಲ್ಲು. ದೂರ ನೋಡ್ಕೋತ ಹೋದವ ಹತ್ತಿರದ ತೆಗ್ಗಿನಾಗ ಬೀಳ್ತಾನ ಅಂತ ನನ್ನ ಲೆಕ್ಕ. ಇವತ್ತ ಅವ ಹೇಳಿದಂಗ ಮಾಡೋಣ ಅಂತ ಮೊದಲನೇ ಸುತ್ತಿನಾಗ ತಲಿ ಎತ್ತಿದೆ.

ದೂರ ಏನೂ ಇರಲಿಲ್ಲ.

ಹೆಲ್ಮೆಟ್ ಗಾಜು ಹೊಲಸಾಗೇದ ಅಂದ್ಕೊಂಡೆ. ಗಾಜು ಮ್ಯಾಲೆತ್ತಿದೆ. ಆಗೂ ಇರಲಿಲ್ಲ. ನೆಲ ಕಾಣ್ತಿತ್ತು, ಸುಣ್ಣದ ಗೆರಿ ಒಂದೀಟು ಕಾಣ್ತಿತ್ತು, ಅದರಾಚೆ ಹಿಟ್ಟು ಜರಡಿ ಹಿಡದಂಗ ಬೆಳ್ಳಗ. ತಿರುವು ಎಲ್ಲದ, ಟಾಯರ್ ಎಲ್ಲವ, ಉಸ್ತಾದ ಎಲ್ಲಿ ನಿಂತಾನ, ಒಂದೂ ಇಲ್ಲ. ಇಪ್ಪತ್ತು ವರ್ಷದಾಗ ದೂರ ನೋಡು ಅಂತ ನನಗ ಯಾರೂ ಹೇಳಿರಲಿಲ್ಲ. ಹೇಳಿದ ದಿನಾನೇ ಗೊತ್ತಾತು, ನನ್ನ ದೂರ ಎಂದೋ ಹೋಗೇದ ಅಂತ.

ತಲಿ ಕೆಳಗ ಹಾಕಿದೆ. ಮುಂದಿನ ಸುತ್ತಿಗೆ ಒಂದು ಉಪಾಯ ಸಿಕ್ಕಿತು. ಕಾಂಕ್ರೀಟ್ ಜಾಯಿಂಟ್ ಮ್ಯಾಲ ಗಾಲಿ ಹೋದಾಗೊಮ್ಮೆ ಠಕ್ ಅಂತಿತ್ತು. ಎಣಿಸಿದೆ. ತಿರುವು ಬರೋಷ್ಟರಾಗ ಹನ್ನೆರಡು. ಹಂಗಾರ ಹನ್ನೊಂದಕ್ಕ ಬ್ರೇಕ್ ಹಿಡದು ಮುಗಸಬೇಕು. ಆಚೀ ಉದ್ದ ರಸ್ತಾದಾಗ ಒಂಬತ್ತು, ಎಂಟಕ್ಕ ಬ್ರೇಕ್. ಎಣಿಸೋದು ನನಗ ಕಷ್ಟ ಅಲ್ಲ. ದಿನಾ ರೊಟ್ಟಿ ಎಣಿಸಿದ ಬಾಯಿ. ಮೂರನೇ ಸುತ್ತಿಗೆ ಕೈಕಾಲು ತಾವೇ ಮಾಡಲಿಕತ್ತವು.

ಉಸ್ತಾದ ಎಲ್ಲರ ಗಾಡಿ ನಿಂದ್ರಿಸಿ ಹುಡುಗರಿಗೆ ಹೇಳಿದ, "ನೋಡ್ರಿ, ಖಾಲಾ ಪ್ರತಿ ಸುತ್ತೂ ಒಂದೇ ಜಾಗಾದಾಗ ಬ್ರೇಕ್ ಹಿಡೀತಾರ. ಒಂದು ಗೇಣು ಹಿಂದಿಲ್ಲ, ಮುಂದಿಲ್ಲ. ಇದು ಕಲಸಿದ್ರ ಬರಂಗಿಲ್ಲ."

ಸೊಸಿ ಮಾರಿ ಸಣ್ಣದಾತು. ನನಗ ಖುಷಿ ಆಗಲಿಲ್ಲ ಅಂದ್ರ ಸುಳ್ಳು. ಆ ಹೊತ್ತಿಗೆ ನಾ ಮನಸಿನಾಗ ಮಳಖೇಡ ರಸ್ತಾದ ತೆಗ್ಗೆಲ್ಲಾ ಎಣಿಸಲಿಕತ್ತಿದ್ದೆ. ಹಿಂಗೇ ಎಣಿಸಿ ಹೋದ್ರ ಇನ್ನ ಎರಡು ವರ್ಷ ನಡೀತದ ಅಂತ.

ಮಧ್ಯಾಹ್ನ ಎಲ್ಲರೂ ರೊಟ್ಟಿ ಪುಂಡಿಪಲ್ಯ ಉಂಡ್ರು. ಉಂಡ ಮ್ಯಾಲ ನಮ್ಮ ನಿಧಾನದವರ ಗುಂಪು ಮತ್ತ ಹೊಂಟಿತು. ನನ್ನ ಮುಂದ ಕಲಬುರಗಿಯ ಒಬ್ಬ ಸಾಲಿ ಮಾಸ್ತರ, ಹೊಸಾ ಗಾಡಿ, ಹೊಸಾ ಕೈ. ನಾ ಏಳು ಎಣಿಸಿದೆ, ಎಂಟು ಎಣಿಸಿದೆ. ಯಾರೋ ಬಾಜೂಕ "ಖಾಲಾ! ಖಾಲಾ!" ಅಂತ ಒದರಿದಂಗಾತು. ಹುರುಪಿನಾಗ ಕೂಗ್ಯಾರ ಅಂದ್ಕೊಂಡೆ. ಒಂಬತ್ತು. ಹತ್ತು. ಹನ್ನೊಂದಕ್ಕ ಬ್ರೇಕ್ ಹಿಡದೆ, ಗಾಡಿ ತಿರುವಿಗೆ ಹಾಕಿದೆ. ಗಾಲಿ ಮುಂದ ಮಾಸ್ತರ ಅಂಗಾತ ಬಿದ್ದಿದ್ದ.

ಏನು ಮಾಡಿದೆ ಅಂತ ಕೇಳಿದ್ರ ಹೇಳಲಿಕ್ಕ ಬರಂಗಿಲ್ಲ. ಗಾಡಿ ಟಾಯರ್ ನಡುವಿಂದ ತೂರಿ ತೊಗರಿ ಹೊಲಕ್ಕ ಬಿತ್ತು. ಕೂಳೆ ಚುಚ್ಚಿ ಟಾಯರ್ ಬುಸ್ ಅಂತು. ನಾ ಮಣ್ಣಾಗ ಕುಂತಿದ್ದೆ. ಮಾಸ್ತರ ಎದ್ದು ಕುಂತು ತನ್ನ ಕಾಲು ತಾನೇ ಮುಟ್ಟಿ ನೋಡ್ಕೋಲಿಕತ್ತಿದ್ದ. ಅವಗೂ ನನಗೂ ನಡುವ ಒಂದು ಮಾರಿನ ಜಾಗಾ ಇದ್ದಿರಬೇಕು, ಅಷ್ಟೇ.

ಉಸ್ತಾದ ಕುಂಟಕೋತ ಓಡಿ ಬಂದ, ಕೈಯಾಗ ಕೆಂಪು ಬಟ್ಟಿ.

"ಖಾಲಾ, ಲಾಲ್ ಕಪಡಾ ಕಾಣಲಿಲ್ಲೇನ್ರಿ? ನಿಮ್ಮ ಬಾಜೂಕೇ ನಿಂತು ಒದರಿದೆ!"

"ಕಾಣ್ತು. ಬ್ರೇಕ್ ಹತ್ತಲಿಲ್ಲ," ಅಂದೆ.

ಬಾಯಿಗೆ ಬಂತು, ಅಂದೆ. ಮಳಖೇಡ ರಸ್ತಾದಾಗ ನಾಯಿ ಬಂದಂಗೇ. ಅವತ್ತ ನಾಯಿ ಇರಲಿಲ್ಲ. ಮಂಚದಷ್ಟು ಉದ್ದ ಫರ್ಸಿ ಕಲ್ಲು ರಸ್ತಾದಾಗ ಮಲಗಿತ್ತು, ಕುರುಡನ ಕೋಲಿಗೂ ಸಿಗೋ ಅಂಥಾದ್ದು.

ಎಲ್ಲರೂ ಬಂದು ಸುತ್ತ ನಿಂತ್ರು. ಒಬ್ಬ ಅಂದ, "ಉಸ್ತಾದ್, ಮುಂಜಾನೆ ಬ್ರೇಕ್ ನೀವೇ ಬಿಗದಿದ್ರಲ್ಲ!" ಕೆಲವರು ನಕ್ಕರು. ಹೈದರಾಬಾದಿನವ ಒಬ್ಬ, ತನ್ನ ಗಾಡಿ ಸರ್ವಿಸಿಗೆ ಬಿಟ್ಟು ಹೋಗ್ತೀನಿ ಅಂದಿದ್ದವ, ಹಗೂರ ಅಂದ, "ನಂದು ಬ್ಯಾಡ ಬಿಡ್ರಿ, ಊರಾಗ ತೋರಸ್ತೀನಿ."

ಉಸ್ತಾದ ಮಣ್ಣಾಗ ಮೊಣಕಾಲೂರಿ ನನ್ನ ಗಾಡಿ ಎತ್ತಿದ. ಹಿಂದಿನ ಗಾಲಿ ತಿರುಗಿಸಿ ಬ್ರೇಕ್ ಒತ್ತಿದ. ಗಾಲಿ ಗಪ್ಪನ ನಿಂತಿತು. ಮತ್ತೊಮ್ಮೆ ತಿರುಗಿಸಿದ, ಮತ್ತ ನಿಂತಿತು. ಮೂರನೇ ಸಲಾನೂ ಹಂಗೇ. ಅವ ನನ್ನ ಮಾರಿ ನೋಡಲಿಲ್ಲ. ಮಂದಿ ಕಡೆ ತಿರುಗಿ, "ಒಮ್ಮೊಮ್ಮೆ ಒಳಗ ಧೂಳ ಹೋಗಿರ್ತದ. ನಂದೇ ಗಲತಿ ಇರಬಹುದು," ಅಂದ. ಪಾನಾ ತಗೊಂಡು ಛಲೋ ಇದ್ದ ಬ್ರೇಕನ್ನೇ ಬಿಚ್ಚಲಿಕತ್ತ.

ಒಮ್ಮೆ ಕ್ವಾರ್ಟರ್ಸಿನಾಗ ಒಬ್ಬಾಕಿ ನನ್ನ ರೊಟ್ಟಿಯಾಗ ಕಲ್ಲು ಸಿಕ್ಕಿತು ಅಂದಿದ್ಲು. ಕಲ್ಲು ಆಕಿ ಅನ್ನದ್ದು. ಆದ್ರೂ ಎರಡು ಓಣಿ ತುಂಬ ಸುದ್ದಿ ತಿರುಗಿತು. ಆವತ್ತ ರಾತ್ರಿ ನಾ ಉಣಲಿಲ್ಲ, ಹೊಟ್ಟಿ ಹಸದಿದ್ರೂ. ಕೆಲಸದ ಕೈಗೆ ಹೆಸರು ಕೆಟ್ರ ಅದನ್ನ ತೊಳೀಲಿಕ್ಕ ನೀರು ಸಿಗಂಗಿಲ್ಲ.

"ಉಸ್ತಾದ, ಬಿಡು. ಬ್ರೇಕ್ ಛಲೋ ಅದ. ನನಗ ಕಾಣಲಿಲ್ಲ."

"ಕಪಡಾ ಕಾಣಲಿಲ್ಲ?"

"ಕಪಡಾ ಅಲ್ಲೋ. ನೀನೇ ಕಾಣಲಿಲ್ಲ."

ಅವ ಎದ್ದು ನಿಂತ. "ಮುಂಜಾನಿಂದ ಹ್ಯಾಂಗ ಹೊಡದ್ರಿ ಮತ್ತ?"

"ಎಣಿಸಿ."

"ಏನ ಎಣಿಸಿ?"

"ಠಕ್ ಠಕ್ ಅಂತದಲ್ಲ, ಅದನ್ನ."

ಯಾರೂ ನಗಲಿಲ್ಲ. ಹೈದರಾಬಾದಿನವ ನೆಲ ನೋಡಿದ. ಅವ ತನ್ನ ಗಾಡಿ ಉಸ್ತಾದನ ಹತ್ರ ಬಿಟ್ಟನೋ ಇಲ್ಲೋ ನಾ ಕೇಳಲಿಲ್ಲ. ಉಸ್ತಾದ ನನ್ನ ಗಾಡಿ ಚಾವಿ ತೆಗದು ತನ್ನ ಕಿಸೆಗೆ ಹಾಕ್ಕೊಂಡ. ಆಗಂಗಿಲ್ಲ ಅಂತ ಬಾಯಿ ಬಿಟ್ಟು ಹೇಳಲಿಲ್ಲ. ಹೇಳೋ ಅವಶ್ಯಕತೆ ಇರಲಿಲ್ಲ, ಮಾತು ಕೊಟ್ಟಾಕಿ ನಾನೇ.

ಸೊಸಿ ನನ್ನ ಹೆಲ್ಮೆಟ್ ಬಿಚ್ಚಿದ್ಲು. ಕುಡಗೋಲು ನಾಲಿಗಿ ಅವತ್ತ ಎಲ್ಲಿ ಇಟ್ಟಿದ್ಲೋ. ಬೈದಿದ್ರ ಛಲೋ ಇತ್ತು.

ವಾಡಿಯಾಗ ಸಂಜೀ ರೈಲು ಹತ್ತಿದ್ವಿ. ನಾ ಕಿಡಕಿ ಬಾಜೂಕ ಕುಂತೆ. ನನಗ ಅಕ್ಷರ ಅಷ್ಟಕ್ಕಷ್ಟ, ಬಸ್ಸಿನ ಬೋರ್ಡ್ ಓದೋಷ್ಟು ಮಾತ್ರ. ಎರಡು ವರ್ಷದಿಂದ ಅದೂ ಓದಲಿಕ್ಕ ಆಗ್ತಿರಲಿಲ್ಲ. ವಯಸ್ಸಾತು, ಅಕ್ಷರ ಮರತೀನಿ ಅಂತ ಮನಿಯಾಗ ಹೇಳ್ತಿದ್ದೆ. ನಾನೂ ಹಂಗೇ ನಂಬಿದ್ದೆ. ರೈಲು ನಿಂತಿತು. ನಾ ಕೇಳಿರಲಿಲ್ಲ, ಸೊಸಿ ತಾನಾಗೇ ಅಂದ್ಲು, "ಚಿತ್ತಾಪುರ." ಮತ್ತ ನಿಂತಿತು. "ಮಳಖೇಡ." ಸೇಡಂ ತನಕ ಹಂಗೇ ಬಂದ್ವಿ.

ಕಲಬುರಗಿ ಕಣ್ಣಿನ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿದ್ರು. ಸಕ್ಕರಿ ಕಾಯಿಲೆ ಕಣ್ಣಿನ ಹಿಂದಿನ ಪರದೆ ತಿಂದದ ಅಂದ್ರು. ಚಷ್ಮಾ ಹಾಕಿದ್ರ ಬರ್ತದೇನ್ರಿ ಅಂದೆ. ಹೋದದ್ದು ಬರಂಗಿಲ್ಲ ಅಜ್ಜಿ, ಇದ್ದದ್ದು ಉಳಿಸಬೇಕು ಅಂದ್ರು. ಸೂಜಿ ಚುಚ್ಚಿಸಿಕೊಳ್ಳಲಿಕತ್ತೀನಿ. ಇದ್ದದ್ದೂ ಉಳಿಯೋ ಲಕ್ಷಣ ನನಗ ಕಾಣಂಗಿಲ್ಲ. ಈ ಕಾಗದಾನೂ ನಾ ಹೇಳ್ತೀನಿ, ಸೊಸಿ ಬರಕೋತಾಳ.

ಗಾಡಿ ಉಸ್ತಾದ ಯಾರಿಗೋ ಕೊಟ್ಟ. ಬುಟ್ಟಿ ಕಬ್ಬಿಣ ಬಿಚ್ಚಿ ನನಗ ಕಳಿಸಿದ. ಅದು ಹಿತ್ತಲದಾಗ ಬಿದ್ದದ, ಸೊಸಿ ಅದರ ಮ್ಯಾಲ ಒದ್ದಿ ಬಟ್ಟಿ ಹಾಕ್ತಾಳ. ಸ್ವಲ್ಪ ದಿನ ನಾ ಬಸ್ಸಿಗೆ ರೊಟ್ಟಿ ಹೊತ್ತು ಹೋದೆ. ಬಸ್ಸಿನಾಗ ಕುಂತು ತೆಗ್ಗು ಎಣಿಸ್ತಿದ್ದೆ. ಎಣಿಕಿ ಒಂದೂ ತಪ್ಪಲಿಲ್ಲ, ಆದ್ರ ಬ್ರೇಕ್ ಮ್ಯಾಲ ಬ್ಯಾರೆಯವರ ಕಾಲು. ಒಂದು ದಿನ ತಪ್ಪಿ ತೆಂಗಳಿ ಬಸ್ಸು ಹತ್ತಿ ಅಲ್ಲೇ ಇಳದೆ. ರೊಟ್ಟಿ ಸೆಟದು ಹೋದವು. ಅವತ್ತಿಂದ ಕ್ವಾರ್ಟರ್ಸಿನವರು ಬ್ಯಾರೆ ಕಡೆ ಹೇಳಿಕೊಂಡ್ರು.

ಈಗ ಸೊಸಿ ಬಡೀತಾಳ, ನಾ ಒಲಿ ಮುಂದ ಕುಂತು ಬೇಯಿಸ್ತೀನಿ. ರೊಟ್ಟಿ ಹತ್ತಿರ ಇರ್ತದ, ಕಾಣ್ತದ.