ಗೋಪಾಲಪ್ಪನ ಹೊಸ ಪಂಪು

ರಾಜಘಟ್ಟದ ಆಚೆ, ಕೆರೆ ದಾಟಿದರೆ ಸಿಗುವವು ಮೂರೇ ತೋಟದ ಮನೆಗಳು. ಒಂದು ನಮ್ಮದು, ಪಕ್ಕದ್ದು ಗೋಪಾಲಪ್ಪನದು. ಅವನಷ್ಟು ಜೋಪಾನದ ಮನುಷ್ಯನನ್ನು ನಾನು ಕಂಡಿಲ್ಲ. ಅವನಷ್ಟು ಸಿಟ್ಟು ಬರಿಸುವವನನ್ನೂ ಕಂಡಿಲ್ಲ. ಹೊಸ ಚಪ್ಪಲಿ ತಂದರೆ ಅಟ್ಟಕ್ಕೇರಿಸಿ, ಹಳೆಯದಕ್ಕೇ ಇನ್ನೊಂದು ಮೊಳೆ ಹೊಡೆಯುವ ಪೈಕಿ. ಕೇಳಿದರೆ, "ಹಳೇದು ಇನ್ನೂ ಓಡ್ತೈತಲ್ಲ, ಹೊಸದು ಇರ್ಲಿ ಬಿಡು" ಅನ್ನುತ್ತಿದ್ದ. ಅವನ ಹೆಂಡತಿ ಲಕ್ಷ್ಮೀದೇವಮ್ಮ ಬಣ್ಣಗೆಟ್ಟ ಸೀರೆಯಲ್ಲೇ ನಗುತ್ತಾ, "ನನ್ನೂ ಅಟ್ಟಕ್ಕೆ ಹಾಕಿಲ್ವಲ್ಲ, ಅದೇ ಪುಣ್ಯ" ಎಂದು ಛೇಡಿಸುತ್ತಿದ್ದಳು.

ಅವನದೊಂದು ಹಳೆಯ ಡೀಸೆಲ್ ಜೀಪು, ನಾಲ್ಕೂ ಚಕ್ರ ಎಳೆಯುವಂಥದ್ದು. ಕೆರೆ ಕೋಡಿ ಬಿದ್ದು ದಾರಿ ಮುಳುಗಿದರೆ ಮೂರೂ ಮನೆಗೆ ಅದೇ ಗತಿ. ಟ್ಯಾಂಕಿನಿಂದ ಎಂಜಿನ್ನಿಗೆ ಡೀಸೆಲ್ ಎಳೆದು ಕೊಡುವ ಅದರ ಪಂಪು ಎಂದೋ ಒಸರತೊಡಗಿತ್ತು. ದೊಡ್ಡಬಳ್ಳಾಪುರದ ಮೆಕ್ಯಾನಿಕ್ ಗದರಿಸಿದ ಮೇಲೆ ಹೊಸದನ್ನು ತಂದ. ತಂದು ಹಾಕಿಸಿದನೇ? ಡಬ್ಬಿಯನ್ನೇ ಒಡೆಯದೆ ಅರಿಸಿನ ಕುಂಕುಮ ಹಚ್ಚಿ, ದೇವರ ಗೂಡಿನಲ್ಲಿ ದೀಪದ ಪಕ್ಕಕ್ಕೆ ಇಟ್ಟ. ಪ್ರತಿ ಆಯುಧಪೂಜೆಗೂ ಆ ಡಬ್ಬಿಗೆ ಹೂವೇರುತ್ತಿತ್ತು. ಹಳೆಯ ಪಂಪಿಗೆ ಸೋಪು ಮೆತ್ತಿ, ದಾರ ಸುತ್ತಿ, ವರ್ಷಗಟ್ಟಲೆ ಓಡಿಸಿದ.

ಹೋದ ಮಳೆಗಾಲದಲ್ಲಿ, ಕೋಡಿ ಭೋರ್ಗರೆಯುತ್ತಿದ್ದ ಮಧ್ಯಾಹ್ನ, ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಲಕ್ಷ್ಮೀದೇವಮ್ಮನ ಕೈಗೆ ನಾಗರಹಾವು ಕಚ್ಚಿತು. ಆಂಬುಲೆನ್ಸಿನವರು ಆಚೆ ದಡದವರೆಗೆ ಬರುತ್ತೇವೆ ಎಂದರು. ನಡುವಿನ ನೀರಿನ ಸೆಳೆತದಲ್ಲಿ ಅವಳನ್ನು ಹೊತ್ತುಕೊಂಡು ದಾಟುವಂತಿರಲಿಲ್ಲ. ಮೂರನೇ ಮನೆಯ ಅಮರ್ ಟ್ರ್ಯಾಕ್ಟರ್ ತೆಗೆದುಕೊಂಡು ಹೊಸಕೋಟೆಗೆ ಹೋಗಿದ್ದ. ಉಳಿದದ್ದು ಜೀಪೊಂದೇ.

ಅವಳನ್ನು ಹಿಂದೆ ಮಲಗಿಸಿದೆವು. ನನ್ನ ತಾಯಿ ನರಸಮ್ಮ ಅವಳ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಕೀಲಿ ತಿರುಗಿಸಿದರೆ ಎಂಜಿನ್ ಕೆಮ್ಮಿ ನಿಂತಿತು. ಪಂಪಿನೊಳಗಿನ ರಬ್ಬರ್ ಹರಿದು ಡೀಸೆಲ್ ನೆಲಕ್ಕೆ ಸುರಿಯುತ್ತಿತ್ತು.

ಗೋಪಾಲಪ್ಪ ಓಡಿಹೋಗಿ ಕುಂಕುಮ ಹಚ್ಚಿದ ಪಂಪಿನ ಡಬ್ಬಿ ತಂದ. ಹೊಸ ಪಂಪು ಕೂರಿಸಿ ಬೋಲ್ಟು ಬಿಗಿದ. ಒಂದು ಹನಿಯನ್ನೂ ಅದು ಎಳೆಯಲಿಲ್ಲ. ಬಿಚ್ಚಿದೆವು. ಒಳಗಿನ ರಬ್ಬರ್ ಹಪ್ಪಳದಂತೆ ಒಣಗಿ ಸೀಳಿಹೋಗಿತ್ತು.

"ಹೊಸದು ಕಣೋ ವಸಂತ! ಸೀಲೂ ಒಡೆದಿರ್ಲಿಲ್ಲ ಕಣೋ!" ಎಂದು ಗೋಪಾಲಪ್ಪ ನನ್ನತ್ತ ತಿರುಗಿದ.

"ದೀಪದ ಕಾವಿಗೆ ಇಟ್ಟು ಒಣಗ್ಸಿದ್ದೀಯಲ್ಲೋ!" ಎಂದು ಕಿರುಚಿದೆ. ಆ ಗಳಿಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತ್ತು.

ಹಿಂದಿನಿಂದ ಲಕ್ಷ್ಮೀದೇವಮ್ಮ, "ಹೊರಟ್ವಾ?" ಎಂದಳು. ನಾಲಿಗೆ ದಪ್ಪವಾಗಿತ್ತು, ರೆಪ್ಪೆ ಜೋಲುತ್ತಿತ್ತು. ಆ ದನಿ ಕೇಳಿ ಗೋಪಾಲಪ್ಪ ಎದ್ದ. ಔಷಧಿ ಸಿಂಪಡಿಸುವ ಯಂತ್ರದ ಪೈಪು ಕಿತ್ತು ತಂದು, ಒಂದು ತುದಿಯನ್ನು ಎಂಜಿನ್ನಿಗೆ ಕಟ್ಟಿದ. ಇನ್ನೊಂದನ್ನು ಡೀಸೆಲ್ ಕ್ಯಾನಿಗೆ ಇಳಿಬಿಟ್ಟ.

"ಪಂಪೇ ಬ್ಯಾಡ, ಡೀಸೆಲ್ ಮೇಲಿಂದ ಇಳಿದ್ರೆ ಸಾಕು. ನೀನ್ ಓಡ್ಸು, ನಾನ್ ಹಿಡ್ಕೊತೀನಿ" ಎಂದು ಮಡ್‌ಗಾರ್ಡ್ ಏರಿ ಕುಳಿತು, ಕ್ಯಾನನ್ನು ತಲೆಯ ಮೇಲೆತ್ತಿದ. ಎಂಜಿನ್ ಹಿಡಿಯಿತು. ಮುಳುಗಿದ ದಾರಿಗೆ ಇಳಿಯುತ್ತಲೇ ನೀರು ಬಾಗಿಲು ದಾಟಿ ನನ್ನ ಕಾಲಿಗೆ ಬಂತು. ಡೀಸೆಲ್ ಅವನ ಮುಖದ ಮೇಲೆ ಹರಿಯುತ್ತಿತ್ತು. "ಲಕ್ಷ್ಮೀ, ಮಾತಾಡೇ! ಬೈಯಾದ್ರೂ ಬೈಯೇ!" ಎಂದು ಆಚೆ ದಡದವರೆಗೂ ಕೂಗಿದ.

ಆಂಬುಲೆನ್ಸಿನಲ್ಲಿ ಮಾಸ್ಕ್ ಹಾಕಿದರು. ದೊಡ್ಡಬಳ್ಳಾಪುರದ ಆಸ್ಪತ್ರೆಯ ಗೇಟು ಕಾಣುವಾಗ ಉಸಿರು ನಿಂತಿತ್ತು. ಡಾಕ್ಟರು ಎಷ್ಟು ಪಾಡುಪಟ್ಟರೂ ಅದು ಮರಳಿ ಬರಲಿಲ್ಲ.

ಮಾರನೇ ದಿನ, ಮುತ್ತೈದೆಯನ್ನು ಹೊಸ ಸೀರೆಯಲ್ಲಿ ಕಳಿಸಬೇಕೆಂದು ಹೆಂಗಸರು ಕೇಳಿದರು. ಗೋಪಾಲಪ್ಪನೇ ಟ್ರಂಕು ತೆಗೆದ. ಮದುವೆಗೆ, ಹಬ್ಬಕ್ಕೆ, ತವರಿನಿಂದ ಬಂದ ಸೀರೆಗಳೆಲ್ಲ ಮಡಿಕೆ ಬಿಚ್ಚದೆ ಕೂತಿದ್ದವು. ಅಷ್ಟನ್ನೂ ತಬ್ಬಿಕೊಂಡು ಬಂದು ಅವಳ ಪಕ್ಕ ಸುರಿದ.

"ಎಲ್ಲಾ ಉಡಿಸ್ರಮ್ಮಾ."

"ಒಂದೇ ಉಡ್ಸೋದು ಕಣಪ್ಪಾ" ಎಂದಳು ನನ್ನ ತಾಯಿ.

"ಮಿಕ್ಕಿದ್ದು ಯಾವಾಗ ಉಡ್ತಾಳೆ?" ಎಂದು ಅವನು ಕೇಳಿದ.