ದೇವಿಂದ್ರಪ್ಪನ ತಾಂಡೂರಿನ ಮನೆ

ಸ್ವಂತ ಮನೆ ಇಟ್ಟುಕೊಂಡು ಬಾಡಿಗೆ ಮನೆಯಲ್ಲಿರುವವನನ್ನು ಜನ ಹುಚ್ಚ ಅನ್ನುತ್ತಾರೆ. ವಾಡಿಯ ದೇವಿಂದ್ರಪ್ಪ ಮಾತ್ರ, ಸ್ವಂತ ಮನೆಯಲ್ಲಿ ತಾವೇ ವಾಸ ಮಾಡುವವರನ್ನು ಹುಚ್ಚರು ಅನ್ನುತ್ತಿದ್ದ.

ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿ ನಿವೃತ್ತನಾದಾಗ ಅವನ ಕೈಗೆ ಒಂದು ಗಂಟು ಬಂತು. ಹೆಂಡತಿ ಮಾಣಿಕಮ್ಮನಿಗೆ ತವರಿನವರು ಕೊಟ್ಟಿದ್ದ ಚಿತ್ತಾಪುರದ ಸೈಟನ್ನೂ ಮಾರಿ ಅದಕ್ಕೆ ಸೇರಿಸಿದ. ಆ ಸೈಟಿನಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿಕೊಂಡು ಇರಬೇಕೆಂಬುದು ಮಾಣಿಕಮ್ಮನ ಆಸೆ. ದೇವಿಂದ್ರಪ್ಪ ಕೊಂಡದ್ದು ಗಡಿಯಾಚೆ, ತೆಲಂಗಾಣದ ತಾಂಡೂರಿನಲ್ಲಿ ನಾಲ್ಕು ಪೋರ್ಶನ್ನಿನ ಮನೆ. ಕಲ್ಲು ಪಾಲಿಶ್ ಮಾಡುವವರು, ಲಾರಿ ನಡೆಸುವವರು ತುಂಬಿದ ಊರು. ಅಲ್ಲಿ ಬಾಡಿಗೆಗೆ ಬರ ಎಂಬುದಿಲ್ಲ. ತಾನು ಮಾತ್ರ ವಾಡಿಯಲ್ಲಿ ಮಾಸುಮಬಿಯ ಮನೆಯ ಹಿಂದಿನ ಎರಡು ಕೋಣೆಯಲ್ಲೇ ಉಳಿದ. ಅವಳಿಗೆ ಕೊಡುತ್ತಿದ್ದ ಬಾಡಿಗೆ ಚಿಲ್ಲರೆ.

"ಚಿತ್ತಾಪುರದಾಗ ಮನಿ ಕಟ್ಟಿದ್ರ ಮನಿ ನಮ್ಮನ್ನ ತಿಂತದ. ತಾಂಡೂರದಾಗ ಇದ್ರ ನಾವು ಮನೀನ ತಿಂತೀವಿ," ಎಂದು ಸ್ಟೇಷನ್ ಮುಂದಿನ ಚಹಾದ ಅಂಗಡಿಯಲ್ಲಿ ಹೇಳುತ್ತಿದ್ದ. ಕೇಳಿದವರು ಹೌದೌದು ಎಂದು ತಲೆಯಾಡಿಸುತ್ತಿದ್ದರು, ಚಹಾದ ದುಡ್ಡನ್ನು ಅವನೇ ಕೊಡಲಿ ಎಂದು. ಅವನು ಕೊಡುತ್ತಿರಲಿಲ್ಲ.

ಮಾಣಿಕಮ್ಮ ಪಾಪ, ಸೈಟು ಹೋದರೂ ಮನೆಯಾದರೂ ಬಂತಲ್ಲ ಎಂದುಕೊಂಡಳು. ಹೊಸ ಮನೆಗೆ ಕಾಲಿಡುವ ದಿನ ಬುದ್ಧವಂದನೆ ಮಾಡಿಸಿ ಓಣಿಗೆಲ್ಲ ಖೀರು ಹಂಚಲು ಶಹಾಬಾದಿನ ಬಜಾರಿನಿಂದ ದೊಡ್ಡದೊಂದು ಹಿತ್ತಾಳೆ ಪಾತೇಲಿ ತಂದಿಟ್ಟಳು. ಅಷ್ಟರಲ್ಲಿ ನಾಲ್ಕೂ ಪೋರ್ಶನ್ನು ತುಂಬಿಬಿಟ್ಟಿದ್ದವು.

"ಖೀರು ಕುಡಿಯಾಕ ಒಂದು ತಿಂಗಳ ಮನಿ ಖಾಲಿ ಇಡಬೇಕಿತ್ತೇನು?" ಎಂದ ದೇವಿಂದ್ರಪ್ಪ.

"ಹೋಗ್ಲಿ ಬಿಡ್ರಿ. ಯಾರರ ಖಾಲಿ ಮಾಡಿದಾಗ ನಾಕು ದಿನ ಇದ್ದು ಬರೋಣ."

ಯಾರಾದರೂ ಖಾಲಿ ಮಾಡಿದರೆ ಸಂಜೆಯೊಳಗೆ ಮತ್ತೊಬ್ಬರು ಬರುವಂತೆ ದೇವಿಂದ್ರಪ್ಪ ಮೊದಲೇ ಗೊತ್ತು ಮಾಡಿರುತ್ತಿದ್ದ. ಪಾತೇಲಿ ಅಟ್ಟ ಸೇರಿತು. ಮಾಣಿಕಮ್ಮ ತನ್ನ ಮನೆಯನ್ನು ಕಂಡದ್ದು ಗಂಡನ ಮೊಬೈಲಿನಲ್ಲಿ ಮಾತ್ರ.

ಇವನ ಇನ್ನೊಂದು ಗುಣ ಹೇಳಲೇಬೇಕು. ವಾಡಿಯ ಬುದ್ಧ ವಿಹಾರದಲ್ಲಿ ಹುಣ್ಣಿಮೆ ಹುಣ್ಣಿಮೆಗೆ ಎದ್ದುನಿಂತು ಮೂಢನಂಬಿಕೆಯ ಮೇಲೆ ಮಾತಾಡುತ್ತಿದ್ದ. ಭೂತ, ಶಕುನ, ರಾಹುಕಾಲ ಯಾವುದನ್ನೂ ಬಿಡುತ್ತಿರಲಿಲ್ಲ. ಮಗಳು ಲುಂಬಿನಿ ಚಿಕ್ಕಂದಿನಲ್ಲಿ ಆ ಮಾತು ಕೇಳಿಯೇ ಕತ್ತಲೆಗೆ ಹೆದರುವುದನ್ನು ಬಿಟ್ಟವಳು. ಈಗ ಚಿತ್ತಾಪುರದಲ್ಲಿ ಟೀಚರು.

ತಾಂಡೂರಿನ ಆ ಓಣಿಯಲ್ಲಿ ಒಂದು ರೂಢಿ ಇತ್ತು. ಬಾಡಿಗೆ ಮನೆಯೊಳಗೆ ಹೆಣ ತರುವಂತಿಲ್ಲ. ತಂದರೆ ಆ ಮನೆಗೆ ಮತ್ತೆ ಯಾರೂ ಬರುವುದಿಲ್ಲ, ಇದ್ದವರೂ ನಿಲ್ಲುವುದಿಲ್ಲ. ಒಂದು ಮಳೆಗಾಲ ಅವನ ಬಾಡಿಗೆಯವರಲ್ಲಿ ಒಬ್ಬನಾದ ಅಂಬರಾಯನ ತಾಯಿ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅಂಬರಾಯ ಚಿಂಚೋಳಿ ಕಡೆಯ ಐನಾಪುರದವನು, ಕಲ್ಲು ಪಾಲಿಶ್ ಮಾಡುವವನು. ಉಳಿದ ಮೂರು ಪೋರ್ಶನ್ನಿನವರು ಫೋನ್ ಮಾಡಿದ್ದೇ ತಡ, ದೇವಿಂದ್ರಪ್ಪ ಸಿಕ್ಕ ರೈಲು ಹಿಡಿದು ಸೇಡಂ ದಾಟಿ ತಾಂಡೂರಿಗೆ ಹೋಗಿ, ಹೆಣ ಬರುವ ಮೊದಲೇ ಗೇಟಿಗೆ ಅಡ್ಡ ನಿಂತ.

"ನಾ ಇದೆಲ್ಲ ನಂಬಂಗಿಲ್ಲ ಅಂಬರಾಯ," ಎಂದ. "ಆದ್ರ ಬಾಡಿಗಿ ಕೊಡೋರು ನಂಬ್ತಾರ. ನಾ ಏನು ಮಾಡ್ಲಿ?"

ಮುದುಕಿಯನ್ನು ರಸ್ತೆಯಾಚೆ ಪೇರಿಸಿಟ್ಟಿದ್ದ ಕಲ್ಲಿನ ಚಪ್ಪಡಿಗಳ ಮೇಲೆ, ತಾಡಪತ್ರಿಯ ಕೆಳಗೆ ಮಲಗಿಸಿದರು. ನೆಂಟರು ಬರುವತನಕ ಮಳೆ ನಿಲ್ಲಲಿಲ್ಲ. ದೇವಿಂದ್ರಪ್ಪ ಒದ್ದೆಯಾಗದೆ ವಾಡಿಗೆ ವಾಪಸಾಗಿ, ತನ್ನ ಜಾಣತನವನ್ನು ತಾನೇ ಹೆಂಡತಿಗೆ ಹೇಳಿದ.

"ಮುದುಕೀನ ಮಳ್ಯಾಗ ಮಲಗಿಸಿ ಬಂದ್ರೇನ್ರಿ?" ಎಂದು ಕೇಳಿದಳು ಮಾಣಿಕಮ್ಮ. ಅವತ್ತು ಅವಳು ಒಲೆ ಹಚ್ಚಲಿಲ್ಲ. ಅವನು ಸ್ಟೇಷನ್ನಿಗೆ ಹೋಗಿ ವಡೆ ತಿಂದು ಬಂದ.

ಅಂಬರಾಯ ಮನೆ ಬಿಡಲಿಲ್ಲ. ಬಿಟ್ಟು ಎಲ್ಲಿಗೆ ಹೋಗಬೇಕು? ಆ ಓಣಿಯ ಎಲ್ಲ ಗೇಟುಗಳದೂ ಒಂದೇ ಮಾತು.

ಎರಡು ವರ್ಷದ ಮೇಲೆ ಮಾಣಿಕಮ್ಮನ ಕಿಡ್ನಿ ಕೆಟ್ಟವು. ಹೈದರಾಬಾದಿನ ಡಾಕ್ಟರರು ಕೊನೆಗೆ, ಮನೆಗೆ ಕರಕೊಂಡು ಹೋಗಿ ಎಂದರು. ಆಂಬುಲೆನ್ಸಿನಲ್ಲಿ ಒಂದು ಕಡೆ ಗಂಡ, ಒಂದು ಕಡೆ ಮಗಳು. ವಿಕಾರಾಬಾದ್ ದಾಟುವಾಗ ಅವಳು ಕಣ್ಣು ತೆರೆದಳು.

"ತಾಂಡೂರ ದಾರ್ಯಾಗೇ ಅದಲ್ರಿ. ನಮ್ಮ ಮನ್ಯಾಗ ಇಳಸ್ರಿ ನನ್ನ. ಒಮ್ಮೆ ನೋಡ್ತೀನಿ."

"ಆತು, ಇಳಸ್ತೀನಿ," ಎಂದ ದೇವಿಂದ್ರಪ್ಪ. ಹಾಗೆ ಹೇಳುವಾಗ ಅವನಿಗೆ ಅಳು ಬಂದಿತ್ತು, ಅದು ಸುಳ್ಳಲ್ಲ. ತಾಂಡೂರು ಮುಟ್ಟುವ ಮೊದಲೇ ಅವಳ ಉಸಿರು ನಿಂತಿತು.

ಲುಂಬಿನಿಯೇ ಡ್ರೈವರನಿಗೆ ದಾರಿ ಹೇಳಿ ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿದಳು. ಬಾಡಿಗೆಯವರೆಲ್ಲ ಹೊರಗೆ ಬಂದರು. ಮೂರು ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮನೆ ನಿಮ್ಮದು, ಬೇಡ ಅನ್ನಲು ನಾವ್ಯಾರು, ಆದರೆ ನಾಳೆಯೇ ಖಾಲಿ ಮಾಡುತ್ತೇವೆ ಎಂದು ತೆಲುಗಿನಲ್ಲಿ ಮರ್ಯಾದೆಯಿಂದಲೇ ಹೇಳಿದರು. ಅಂಬರಾಯ ಮುಂದೆ ಬಂದು ಗೇಟಿನ ಎರಡೂ ಬಾಗಿಲು ತೆರೆದ.

"ತರ್ರಿ ಸಾಹೇಬ್ರ. ನನ್ನ ಪೋರ್ಶನ್ನಿನಾಗ ಮಲಗಸ್ರಿ ಅವ್ವನ್ನ. ನಾ ಎಲ್ಲಿಗೂ ಹೋಗಂಗಿಲ್ಲ."

ಅವತ್ತು ಯಾರೂ ದೇವಿಂದ್ರಪ್ಪನಿಗೆ ಅಡ್ಡ ನಿಲ್ಲಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ಮುಂದೆ ಅವನು ಊರಲ್ಲಿ ಬೇರೆ ರೀತಿ ಹೇಳಿಕೊಂಡು ತಿರುಗಿದ. ಗೇಟು ತೆರೆದಿತ್ತು. ಅಂಗಳ ಗುಡಿಸಿ ಸ್ವಚ್ಛವಿತ್ತು. ದೇವಿಂದ್ರಪ್ಪ ಮನೆಯನ್ನು ಬಲದಿಂದ ಎಡಕ್ಕೆ ಒಂದು ಸಲ ನೋಡಿದ, ನಾಲ್ಕು ಬಾಗಿಲು, ನಾಲ್ಕು ಕರೆಂಟಿನ ಮೀಟರು.

"ಗಾಡಿ ಮುಂದ ಬಿಡ್ರಿ," ಎಂದ ಡ್ರೈವರನಿಗೆ.

"ಅಪ್ಪಾ, ಇಳಸ್ತೀನಿ ಅಂದಿದ್ದಿ ಅವ್ವಗ."

"ಸತ್ತ ಮ್ಯಾಲ ಒಳಗೇನು ಹೊರಗೇನು ಲುಂಬಿನಿ? ಇದೆಲ್ಲ ಮೂಢನಂಬಿಕಿ. ಓದಿದಾಕಿ ನೀ, ನಿನಗ ಹೇಳಬೇಕೇನು?"

ಗಾಡಿ ಹೊರಟಿತು. ಅಂಬರಾಯ ಗೇಟು ಹಿಡಿದು ನಿಂತೇ ಇದ್ದ.

ವಾಡಿಯಲ್ಲಿ ಮಾಸುಮಬಿ ಯಾರನ್ನೂ ಏನೂ ಕೇಳಲಿಲ್ಲ. ತನ್ನ ನಡುಮನೆಯ ಮಂಚ ಎತ್ತಿಸಿ, ನೆಲ ಒರೆಸಿ, "ಇಲ್ಲೇ ಮಲಗಸ್ರಿ, ಹಿಂದಿನ ಕೋಣಿ ಸಣ್ಣದಾಗ್ತದ, ಜನ ಬರ್ತಾರ," ಎಂದಳು. ಮೈ ತೊಳೆಯಲು ನೀರು ಕಾಯಿಸುವ ದೊಡ್ಡ ಪಾತ್ರೆ ಬೇಕಾಯಿತು. ಲುಂಬಿನಿ ಅಟ್ಟ ಹತ್ತಿ ಹಿತ್ತಾಳೆ ಪಾತೇಲಿ ಇಳಿಸಿದಳು. ಅದು ಒಲೆ ಕಂಡದ್ದು ಅದೇ ಮೊದಲು.

ಮರುತಿಂಗಳು ನಾಲ್ಕೂ ಪೋರ್ಶನ್ನಿನ ಬಾಡಿಗೆ ಒಂದು ದಿನವೂ ತಡವಾಗದೆ ಬಂತು. ಪಾತೇಲಿಯನ್ನು ಒಯ್ಯಲು ಬಂದ ಲುಂಬಿನಿ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊಸ್ತಿಲಲ್ಲಿ ನಿಂತಳು.

"ನೀ ಸತ್ರ ಎಲ್ಲಿಗೆ ಒಯ್ಯಲಪ್ಪಾ ನಿನ್ನ?"

ದೇವಿಂದ್ರಪ್ಪ ಮಾಸುಮಬಿಯ ಬಾಗಿಲ ಕಡೆ ನೋಡಿದ. ಅವಳಿಗೆ ಆ ತಿಂಗಳ ಬಾಡಿಗೆಯನ್ನು ಅವನು ಇನ್ನೂ ಕೊಟ್ಟಿರಲಿಲ್ಲ.